ಕ್ಯಾಟಲಿನಾದಲ್ಲಿ ಹಡಗು ನಿಂತಾಗ ನಾವೇ ಸ್ನಾರ್ಕಲಿಂಗ್ ಮಾಡಬಹುದಾ? ನೀರು ತಣ್ಣಗಂತೆ

ಬಳ್ಳಾರಿ ಬಿಸಿಲು:
ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನಾನು, ಹೆಂಡತಿ ಇಬ್ಬರೂ ಲಾಸ್ ಏಂಜಲೀಸ್ ಕಡೆ ಮಗಳ ಮನೆಗೆ ಹೊರಟಿದ್ದೇವೆ. ಮಗಳು ಅಳಿಯ ಸೇರಿ ಲಾಂಗ್ ಬೀಚ್‌ನಿಂದ ಹೊರಡುವ ಸಣ್ಣ ಕ್ರೂಸ್ ಒಂದನ್ನು ಬುಕ್ ಮಾಡಿದ್ದಾರೆ. ಒಂದು ದಿನ ಕ್ಯಾಟಲಿನಾ ದ್ವೀಪ, ಮರುದಿನ ಮೆಕ್ಸಿಕೋದ ಎನ್ಸೆನಾಡಾ, ಆಮೇಲೆ ವಾಪಸ್. ಕ್ಯಾಟಲಿನಾದಲ್ಲಿ ಹಡಗಿನವರೇ ಸ್ನಾರ್ಕಲಿಂಗ್ ಟೂರ್ ಮಾರುತ್ತಾರೆ. ರೂಪಾಯಿಗೆ ಬದಲಾಯಿಸಿ ನೋಡಿದೆ, ಮನಸ್ಸು ಬರಲಿಲ್ಲ. ಅದಕ್ಕೆ ನಾವೇ ಮಾಸ್ಕು, ಸ್ನಾರ್ಕಲ್ (ಮುಖ ನೀರಲ್ಲಿಟ್ಟು ತೇಲುವಾಗ ಬಾಯಲ್ಲಿಟ್ಟು ಉಸಿರಾಡುವ ಕೊಳವೆ) ತಗೊಂಡು ದಂಡೆಯಿಂದ ಇಳಿದರೆ ಹೇಗೆ ಅಂತ ಯೋಚನೆ.

ಈಜು ಚೆನ್ನಾಗಿ ಬರುತ್ತದೆ. ಚಿಕ್ಕಂದಿನಲ್ಲಿ ಎಚ್‌ಎಲ್‌ಸಿ ಕಾಲುವೆಯಲ್ಲಿ ಕಲಿತದ್ದು. ನೇತ್ರಾಣಿಯಲ್ಲಿ ಸ್ನಾರ್ಕಲಿಂಗ್ ಮಾಡಿದ್ದೇನೆ. ವಯಸ್ಸು 54, ಸ್ವಲ್ಪ ಬಿಪಿ ಇದೆ, ಮಾತ್ರೆ ನಡೆಯುತ್ತಿದೆ. ಹೆಂಡತಿಗೆ ಈಜು ಬರಲ್ಲ. ಅಳಿಯ ಮಾತ್ರ "ಮಾವ, ನೀರು ತುಂಬಾ ತಣ್ಣಗಿರುತ್ತೆ" ಅಂತ ಹೇಳುತ್ತಲೇ ಇದ್ದಾನೆ. ಕ್ಯಾಲಿಫೋರ್ನಿಯಾ ಅಂದರೆ ಬಿಸಿಲಿನ ಊರು ಅಲ್ವಾ? ಎಷ್ಟು ತಣ್ಣಗಿರಬಹುದು? ಹೋಗಿ ಬಂದವರು ಹೇಳಿ.

ಸಿಂಧನೂರು ಸೋನಾ:
ಅಣ್ಣ, ಬಳ್ಳಾರಿಯಲ್ಲಿ ಮೇ ತಿಂಗಳು ಕಳೆಯುವುದಕ್ಕಿಂತ ಯಾವ ನೀರಾದರೂ ಸ್ವರ್ಗ. ಚಡ್ಡಿ ಹಾಕಿಕೊಂಡು ಜಿಗಿದುಬಿಡಿ, ಮೈ ಹೊಂದಿಕೊಳ್ಳುತ್ತೆ. ಇವರೆಲ್ಲ ಸುಮ್ನೆ ಹೆದರಿಸುತ್ತಾರೆ.

ರಾಯಚೂರು ಟು ಅರ್ವೈನ್:
ಸೋನಾ ಅವರೇ, ದಯವಿಟ್ಟು ಬೇಡ. ಊರು ರಾಯಚೂರು, ಈಗ ಇರುವುದು ಲಾಸ್ ಏಂಜಲೀಸ್ ಹತ್ತಿರದ ಅರ್ವೈನ್‌ನಲ್ಲಿ. ಕ್ಯಾಟಲಿನಾಗೆ ಫೆರಿಯಲ್ಲಿ ಹೋಗಿ ಬರುತ್ತಿರುತ್ತೇವೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೇ ತಿಂಗಳಲ್ಲಿ ಅಲ್ಲಿನ ನೀರು ಸುಮಾರು 15ರಿಂದ 17 ಡಿಗ್ರಿ ಸೆಲ್ಸಿಯಸ್. ಫೆಬ್ರವರಿ, ಮಾರ್ಚ್‌ನಲ್ಲಿ 13-14ಕ್ಕೆ ಇಳಿಯುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ 20 ದಾಟುತ್ತದೆ, ಅಲ್ಲಿನವರಿಗೆ ಅದೇ "ಬೆಚ್ಚಗಿನ ನೀರು". ನೇತ್ರಾಣಿಯಲ್ಲಿ ನೀವು ಇಳಿದದ್ದು 28ರ ಆಸುಪಾಸಿನ ನೀರಿಗೆ. ಬಿಸಿಲಿಗೂ ಇದಕ್ಕೂ ಸಂಬಂಧವೇ ಇಲ್ಲ. ಕ್ಯಾಲಿಫೋರ್ನಿಯಾ ಕರೆಂಟ್ ಅಂತ ಒಂದು ಪ್ರವಾಹ ಕೆನಡಾ ಕಡೆಯಿಂದ ತಣ್ಣೀರನ್ನು ಕರಾವಳಿಗುಂಟ ದಕ್ಷಿಣಕ್ಕೆ ತರುತ್ತದೆ. ಅದರ ಮೇಲೆ ವಸಂತ ಕಾಲದ ಗಾಳಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ಇನ್ನೂ ತಣ್ಣಗಿನ ನೀರು ಎದ್ದು ಬರುತ್ತದೆ. ಇನ್ನೊಂದು ವಿಷಯ, ಮೇ ಮತ್ತು ಜೂನ್‌ನಲ್ಲಿ ಬೆಳಿಗ್ಗೆ ಇಲ್ಲಿ ಬಿಸಿಲೇ ಇರಲ್ಲ, ಸಮುದ್ರದ ಮೋಡ ಮುಚ್ಚಿಕೊಂಡು ಕೂತಿರುತ್ತದೆ. ನೀರಿನಿಂದ ಮೇಲೆ ಬಂದಾಗ ಚಳಿ ಹಿಡಿಯುವುದು ಆಗಲೇ.

ಈಗ ಜಾಗ. ಹಡಗು ಅವಲಾನ್ ಅನ್ನುವ ಊರಿನ ಮುಂದೆ ಲಂಗರು ಹಾಕುತ್ತದೆ. ಇಡೀ ದ್ವೀಪದ ಮುಖ್ಯ ಊರೇ ಅದು, ಮೂರೂವರೆ ಸಾವಿರ ಜನ ಅಷ್ಟೇ. ಕಾರಿಗೆ ಕಡಿವಾಣ ಇರುವುದರಿಂದ ಎಲ್ಲರೂ ಗಾಲ್ಫ್ ಕಾರ್ಟ್‌ನಲ್ಲಿ ಓಡಾಡುತ್ತಾರೆ. ಊರಿನ ನಡುವೆ ನಿಂತರೆ ಒಂದು ಕಡೆ ದೊಡ್ಡ ದುಂಡು ಕಟ್ಟಡ ಕಾಣುತ್ತದೆ, ಅದು ಕ್ಯಾಸಿನೋ, 1929ರದ್ದು. ಜೂಜು ಗೀಜು ಇಲ್ಲ, ಕೆಳಗೆ ಸಿನಿಮಾ ಥಿಯೇಟರ್, ಮೇಲೆ ಡ್ಯಾನ್ಸ್ ಹಾಲ್. ಅದರ ಹಿಂದೆಯೇ ಕ್ಯಾಸಿನೋ ಪಾಯಿಂಟ್ ಡೈವ್ ಪಾರ್ಕ್. 1965ರಿಂದ ಇದೆ. ಸುತ್ತ ತೇಲುಬುರುಡೆ ಕಟ್ಟಿ ದೋಣಿ ಒಳಗೆ ಬರದಂತೆ ಮಾಡಿದ್ದಾರೆ. ಕಂಬಿ ಹಿಡಿದು ಮೆಟ್ಟಿಲಿಳಿದರೆ ನೇರ ನೀರಿಗೆ. ಇಳಿದ ಕೂಡಲೇ ಆಳ, ಅದು ಗೊತ್ತಿರಲಿ. ಇನ್ನೊಂದು ಕಡೆ ನಡೆದರೆ ಲವರ್ಸ್ ಕೋವ್. ಅಲ್ಲಿ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾದವರಿಗೆ ಪ್ರವೇಶ ಇಲ್ಲ, ಸ್ನಾರ್ಕಲ್ ಮಾತ್ರ. ದುಂಡು ಕಲ್ಲಿನ ದಂಡೆ, ಇಳಿಯುವಾಗ ಕಾಲು ಜಾರುತ್ತದೆ, ಆದರೆ ಆಳ ನಿಧಾನಕ್ಕೆ ಬರುತ್ತದೆ. ಎರಡಕ್ಕೂ ಊರಿನ ನಡುವಿನಿಂದ ಹತ್ತು ನಿಮಿಷದ ನಡಿಗೆ. ಹಾಗಾಗಿ ಟೂರ್ ಬೇಕೇ ಬೇಕು ಅಂತೇನಿಲ್ಲ. ಬೇಕಾದದ್ದು ವೆಟ್‌ಸೂಟ್, ಅಂದರೆ ಚಳಿ ತಡೆಯುವ ಬಿಗಿ ರಬ್ಬರ್ ಉಡುಪು. ಅದು ಅಲ್ಲೇ ಬಾಡಿಗೆಗೆ ಸಿಗುತ್ತದೆ, ಮಾಸ್ಕ್, ಫಿನ್ (ಈಜಲು ಕಾಲಿಗೆ ಹಾಕುವ ರೆಕ್ಕೆ) ಎಲ್ಲ ಸೇರಿಸಿ ಕೊಡುತ್ತಾರೆ. ಮೇನಲ್ಲಿ 5 ಅಥವಾ 7 ಮಿಲಿಮೀಟರ್ ದಪ್ಪದ್ದೇ ತಗೊಳ್ಳಿ, ತಲೆಗೆ ಹುಡ್ ಇದ್ದರೆ ಅದನ್ನೂ.

ನನ್ನ ಅಭಿಪ್ರಾಯ ಕೇಳಿದರೆ ಮೊದಲ ಸಲಕ್ಕೆ ಲವರ್ಸ್ ಕೋವ್ ಅಲ್ಲ, ಕ್ಯಾಸಿನೋ ಪಾಯಿಂಟೇ ಚೆನ್ನ. ಎಲ್ಲರೂ ಉಲ್ಟಾ ಹೇಳುತ್ತಾರೆ. ಆದರೆ ಕಲ್ಲಿನ ಮೇಲೆ ಫಿನ್ ಹಾಕಿಕೊಂಡು ಅಲೆಯಲ್ಲಿ ಎಡವುವ ಬದಲು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಅಲ್ಲೇ ನಿಂತು ಉಸಿರು ಸರಿ ಮಾಡಿಕೊಳ್ಳಬಹುದು.

ಡಾಕ್ಟ್ರಮ್ಮ, ರಾಯಚೂರು:
ಕೊನೆಯ ಸಾಲು ಬಹಳ ಮುಖ್ಯ. "ಜಿಗಿದುಬಿಡಿ, ಮೈ ಹೊಂದಿಕೊಳ್ಳುತ್ತೆ" ಅನ್ನುವ ಮಾತಿನಿಂದಲೇ ಜನ ಸಾಯುವುದು. ಸೋನಾ ಅವರು ಬೇಜಾರು ಮಾಡಿಕೊಳ್ಳಬಾರದು.

ತಣ್ಣೀರಿಗೆ ಏಕಾಏಕಿ ಬಿದ್ದಾಗ ಚರ್ಮಕ್ಕೆ ಚಳಿ ತಗುಲಿದ ಕ್ಷಣ ನಮಗೆ ಗೊತ್ತಿಲ್ಲದೆ ಜೋರಾಗಿ ಉಸಿರು ಎಳೆದುಕೊಳ್ಳುತ್ತೇವೆ. ತಡೆಯಲು ಆಗುವುದಿಲ್ಲ, ಅದು ನಮ್ಮ ಕೈಯಲ್ಲಿಲ್ಲ. ಆ ಹೊತ್ತಿಗೆ ಮುಖ ನೀರೊಳಗಿದ್ದರೆ ನೀರೇ ಒಳಗೆ ಹೋಗುತ್ತದೆ. ಆಮೇಲೆ ಉಸಿರು ವೇಗ, ಎದೆಬಡಿತ ವೇಗ, ಬಿಪಿ ಮೇಲೆ. ಇದಕ್ಕೆ ಕೋಲ್ಡ್ ಶಾಕ್ ಅನ್ನುತ್ತಾರೆ. ಸಾಮಾನ್ಯವಾಗಿ ಒಂದರಿಂದ ಮೂರು ನಿಮಿಷದಲ್ಲಿ ತಾನೇ ಇಳಿಯುತ್ತದೆ. 15 ಡಿಗ್ರಿಗಿಂತ ಕೆಳಗೆ ಇದು ಬಲು ಜೋರು, ಆದರೆ ಅದಕ್ಕಿಂತ ಮೇಲೆ ಇರುವುದೇ ಇಲ್ಲ ಅಂತಲ್ಲ. ಎಷ್ಟೇ ಒಳ್ಳೆ ಈಜುಗಾರ ಆಗಿರಲಿ, ಆ ಮೂರು ನಿಮಿಷ ಈಜು ಕೆಲಸಕ್ಕೆ ಬರಲ್ಲ. ತೇಲಿಕೊಂಡು ಉಸಿರು ಹತೋಟಿಗೆ ತಂದುಕೊಳ್ಳುವುದೇ ಕೆಲಸ.

ಬಳ್ಳಾರಿ ಬಿಸಿಲು ಅವರೇ, ನೀವು ಬಿಪಿ ಅಂತ ಹಾಗೇ ತೇಲಿಸಿ ಬರೆದಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ನೀರಿನಲ್ಲಿ ಮುಳುಗಿದಾಗ ಕೈಕಾಲಿನ ರಕ್ತ ಎದೆ ಕಡೆಗೆ ಸರಿಯುತ್ತದೆ. ಚಳಿಗೆ ರಕ್ತನಾಳ ಬಿಗಿಯುತ್ತವೆ. ಬಿಪಿ ಇರುವ ಕೆಲವರಿಗೆ ಇದರಿಂದ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು, ಒಂದು ಹನಿ ಸಮುದ್ರದ ನೀರು ಕುಡಿಯದೇ ಇದ್ದರೂ. ಇಮ್ಮರ್ಷನ್ ಪಲ್ಮನರಿ ಎಡಿಮಾ ಅಂತ ಹೆಸರು. ಕೆಮ್ಮು, ಏದುಸಿರು, ಕಫದಲ್ಲಿ ಗುಲಾಬಿ ಬಣ್ಣದ ನೊರೆ. ನೀರಿನಲ್ಲಿ ಕಾರಣವಿಲ್ಲದೆ ಉಸಿರು ಕಟ್ಟಿದ ಹಾಗಾದರೆ "ಸ್ವಲ್ಪ ಹೊತ್ತು ನೋಡೋಣ" ಅನ್ನಬೇಡಿ, ಆ ಕ್ಷಣ ಹೊರಗೆ ಬನ್ನಿ. ಹೊರಡುವ ಮುಂಚೆ ನಿಮ್ಮ ವೈದ್ಯರಿಗೆ "ಪ್ರವಾಸ" ಅಂತಷ್ಟೇ ಹೇಳಬೇಡಿ, "16 ಡಿಗ್ರಿ ನೀರಿನಲ್ಲಿ ಸ್ನಾರ್ಕಲ್" ಅಂತ ಬಿಡಿಸಿ ಹೇಳಿ, ಇಸಿಜಿ ಮಾಡಿಸಿ.

ಸಿಂಧನೂರು ಸೋನಾ:
ಬೇಜಾರೇನಿಲ್ಲ ಮೇಡಂ. ಆದರೆ ಕೃಷ್ಣೆಯಲ್ಲಿ, ತುಂಗಭದ್ರೆಯಲ್ಲಿ ಮೊಸಳೆ ನೋಡಿಕೊಂಡೇ ಈಜಿದವರು ನಾವು. ಅಷ್ಟು ಸೂಕ್ಷ್ಮ ಅಲ್ಲ ಅಂತ ಹೇಳಿದೆ.

ಸಾಣಾಪುರ ತೆಪ್ಪ:
ಅದೇ ಸಮಸ್ಯೆ ಕಣ್ರೀ. ನಾನು ಇರುವುದು ಸಾಣಾಪುರ ಕೆರೆ ಪಕ್ಕ, ತೆಪ್ಪದಲ್ಲಿ ಟೂರಿಸ್ಟ್‌ಗಳನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ಇಲ್ಲಿ ನೀರಿಗೆ ಬಿದ್ದು ಹೋದವರಲ್ಲಿ ಈಜು ಬಾರದವರಷ್ಟೇ ಇದ್ದಾರೆ ಅಂದುಕೊಳ್ಳಬೇಡಿ. "ನನಗೆ ಚೆನ್ನಾಗಿ ಬರುತ್ತೆ" ಅಂತ ಬಂಡೆ ಮೇಲಿಂದ ಹಾರಿದವರೂ ಇದ್ದಾರೆ. ಬೋರ್ಡ್ ಇದೆ, ನಾವೂ ಕೂಗುತ್ತೇವೆ, ಕೇಳುವವರು ಯಾರು?

ಕಾಲುವೆಯಲ್ಲಿ ಕಲಿತವರಿಗೆ ಎರಡು ಅಭ್ಯಾಸ ಇರುತ್ತದೆ. ಒಂದು, ಮೇಲಿಂದ ಧುಮುಕುವುದು. ಎರಡು, ನೀರು ಎಳೆದುಕೊಂಡು ಹೋದರೆ ಹೋಗಲಿ, ಮುಂದೆ ಎಲ್ಲೋ ಒಂದು ಕಡೆ ದಡ ಹತ್ತೋಣ ಅನ್ನುವುದು. ಸಮುದ್ರದಲ್ಲಿ ಮುಂದೆ ದಡವೇ ಇಲ್ಲ. ಇಳಿದ ಜಾಗಕ್ಕೇ ವಾಪಸ್ ಬರಬೇಕು. ಇಳಿದ ಕೂಡಲೇ ಒಂದು ಗುರುತು ಇಟ್ಟುಕೊಳ್ಳಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ತಲೆ ಎತ್ತಿ ಅದು ಎಲ್ಲಿದೆ ನೋಡಿ. ಸ್ನಾರ್ಕಲ್‌ನಲ್ಲಿ ಮುಖ ಕೆಳಗೇ ಇರುತ್ತದಲ್ಲ, ಎಷ್ಟು ದೂರ ಬಂದೆವು ಅಂತ ತಿಳಿಯಲ್ಲ.

ಬಳ್ಳಾರಿ ಬಿಸಿಲು:
ಡಾಕ್ಟ್ರಮ್ಮ, ಖಂಡಿತ ತೋರಿಸಿಕೊಂಡು ಬರುತ್ತೇನೆ. ತೆಪ್ಪ ಅವರ ಮಾತು ಒಪ್ಪಿದೆ, ಎಚ್‌ಎಲ್‌ಸಿಯಲ್ಲಿ ನಾವು ಹಾಗೇ ಮಾಡುತ್ತಿದ್ದದ್ದು. ಒಂದು ಪ್ರಶ್ನೆ: ಆ ಚಳಿ ಹೇಗಿರುತ್ತದೆ ಅಂತ ಬಳ್ಳಾರಿಯಲ್ಲಿ ಕೂತು ಮೊದಲೇ ತಿಳಿದುಕೊಳ್ಳಲು ದಾರಿ ಇದೆಯಾ? ಇಲ್ಲಿ ಏಪ್ರಿಲ್‌ನಲ್ಲಿ ನಲ್ಲಿ ಬಿಟ್ಟರೆ ಬಿಸಿನೀರೇ ಬರುವುದು.

ಗಂಗಾವತಿ ಫಿಸಿಕ್ಸ್ ಮೇಷ್ಟ್ರು:
ದಾರಿ ಇದೆ, ಐಸ್ ಫ್ಯಾಕ್ಟರಿಗೆ ಹೋಗಿ. ಲೆಕ್ಕ ನಾನು ಹಾಕಿಕೊಡುತ್ತೇನೆ. 150 ಲೀಟರ್ ನೀರು 30 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಅದನ್ನು 15ಕ್ಕೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 9,400 ಕಿಲೋಜೂಲ್. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಎಳೆದುಕೊಳ್ಳುತ್ತದೆ, ಕರಗಿದ ಮೇಲೆ 15 ಡಿಗ್ರಿಗೆ ಏರಲು ಇನ್ನೊಂದು 63. ಒಟ್ಟು 397. ಭಾಗಿಸಿದರೆ ಸುಮಾರು 24 ಕಿಲೋ ಐಸ್. ಡ್ರಮ್ ಬಿಸಿಲಲ್ಲಿಟ್ಟರೆ ಇನ್ನೂ ಜಾಸ್ತಿ ಬೇಕು. ಥರ್ಮಾಮೀಟರ್ ಹಾಕಿ ನೋಡಿಕೊಳ್ಳಿ, ಅಂದಾಜಿನಲ್ಲಿ ಬೇಡ.

ಹಾಗೇ ವೆಟ್‌ಸೂಟ್ ಬಗ್ಗೆ ಒಂದು ಮಾತು, ಯಾಕೆಂದರೆ ಬಹಳ ಜನ ಅದು ನೀರನ್ನು ಒಳಗೆ ಬಿಡಲ್ಲ ಅಂದುಕೊಂಡಿರುತ್ತಾರೆ. ಬಿಡುತ್ತದೆ. ಮೈ ಒದ್ದೆ ಆಗಿಯೇ ಆಗುತ್ತದೆ. ಆ ಬಟ್ಟೆ ನಿಯೋಪ್ರೀನ್ ರಬ್ಬರ್, ಅದರ ತುಂಬ ಸಣ್ಣ ಗಾಳಿಗುಳ್ಳೆ. ಶಾಖ ತಡೆಯುವುದು ಆ ಗುಳ್ಳೆಗಳು. ಒಳಗೆ ಸೇರಿದ ತೆಳು ನೀರು ಮೈಶಾಖಕ್ಕೆ ಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ. ಸೂಟ್ ಸಡಿಲ ಆದರೆ ಪ್ರತಿ ಕಾಲು ಬೀಸಿಗೂ ಆ ನೀರು ಹೊರಗೆ ಹೋಗಿ ಹೊಸ ತಣ್ಣೀರು ಬರುತ್ತದೆ, ಆಗ ಹಾಕಿಕೊಂಡೂ ಪ್ರಯೋಜನ ಕಡಿಮೆ. ಗಾಳಿಗಿಂತ ನೀರು ಮೈಶಾಖವನ್ನು ಸುಮಾರು 25 ಪಟ್ಟು ವೇಗವಾಗಿ ಕಿತ್ತುಕೊಳ್ಳುತ್ತದೆ, ಹಾಗಾಗಿ 16 ಡಿಗ್ರಿ ಗಾಳಿ ಅನುಭವಿಸಿದ್ದೇನೆ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಲಾಭ ಇನ್ನೊಂದಿದೆ. ಅದೇ ಗುಳ್ಳೆಗಳಿಂದ ಸೂಟ್ ತೇಲುತ್ತದೆ. ಉಪ್ಪುನೀರು ಬೇರೆ. ನೀವು ಮುಳುಗಬೇಕು ಅಂದರೂ ಮುಳುಗುವುದು ಕಷ್ಟ. ಆಳಕ್ಕೆ ಹೋಗುವವರು ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಳ್ಳುವುದು ಅದಕ್ಕೇ. ನಿಮಗೆ ತೂಕ ಬೇಡ.

ಡಾಕ್ಟ್ರಮ್ಮ, ರಾಯಚೂರು:
ಮೇಷ್ಟ್ರೇ, ಬಿಪಿ ಇರುವವರಿಗೆ ಐಸ್ ಡ್ರಮ್ ಹತ್ತಿಸುತ್ತಿದ್ದೀರಲ್ಲ! ಇಸಿಜಿ ಆದ ಮೇಲೆ, ಪಕ್ಕದಲ್ಲಿ ಒಬ್ಬರು ಇದ್ದಾಗ, ಮೊದಲು ಕೈ ಕಾಲು, ಆಮೇಲೆ ಮುಖ. ಮಾಸ್ಕ್ ಇಲ್ಲದೆ ಕೆನ್ನೆ ಹಣೆಗೆ ನೀರು ಎರಚಿಕೊಂಡು ನಿಧಾನ ಉಸಿರು ಬಿಡುವುದು ಅಭ್ಯಾಸ ಮಾಡಿದರೆ ಸಾಕು. ಒಳಗೆ ಕೂರುವ ಸಾಹಸ ಬೇಡ.

ಹಡಗಿನ ಅಡುಗೆಮನೆ, ಕೊಪ್ಪಳ:
ನಾನು ಕ್ರೂಸ್ ಹಡಗಿನ ಅಡುಗೆಮನೆಯಲ್ಲಿ ಕೆಲಸ ಮಾಡಿದವನು, ಈಗ ಕೊಪ್ಪಳದಲ್ಲಿ ಸ್ವಂತ ಹೋಟೆಲ್. ನೀವೆಲ್ಲ ನೀರಿನ ಬಗ್ಗೆ ಮಾತಾಡುತ್ತಿದ್ದೀರಿ, ನಾನು ಗಡಿಯಾರದ ಬಗ್ಗೆ ಹೇಳುತ್ತೇನೆ. ಸ್ವಂತವಾಗಿ ಹೋಗುವವರು ಸೋಲುವುದು ಅಲ್ಲಿ.

ಅವಲಾನ್‌ನಲ್ಲಿ ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ದೂರದಲ್ಲಿ ನಿಂತು ಟೆಂಡರ್ ಅನ್ನುವ ಸಣ್ಣ ದೋಣಿಯಲ್ಲಿ ಜನರನ್ನು ಸಾಗಿಸುತ್ತಾರೆ. ಹಡಗಿನ ಟೂರ್ ತಗೊಂಡವರಿಗೆ ಮೊದಲ ಆದ್ಯತೆ, ಉಳಿದವರು ಟೋಕನ್ ಹಿಡಿದು ಕಾಯಬೇಕು. ಸಾವಿರಾರು ಜನ ಇರುತ್ತಾರೆ. ಹಾಗಾಗಿ "ಹಡಗು 8ಕ್ಕೆ ಬರುತ್ತೆ, 9ಕ್ಕೆ ನೀರಲ್ಲಿ ಇರುತ್ತೇವೆ" ಅನ್ನುವುದು ಕನಸು. ವಾಪಸ್ ಬರುವಾಗ ನೋಡಬೇಕಾದದ್ದು ಹಡಗು ಹೊರಡುವ ಹೊತ್ತಲ್ಲ, ಕೊನೆಯ ಟೆಂಡರ್ ಹೊರಡುವ ಹೊತ್ತು. ಆ ಕೊನೆಯ ಒಂದು ಗಂಟೆ ಕ್ಯೂ ಭಾರೀ ಇರುತ್ತದೆ, ಒದ್ದೆ ಕೂದಲಲ್ಲಿ ಗಾಳಿಗೆ ನಿಂತಿರಬೇಕು. ಹಡಗಿನ ಟೂರ್ ತಡವಾದರೆ ಹಡಗು ಕಾಯುತ್ತದೆ, ನೀವು ತಡವಾದರೆ ಕಾಯುವುದಿಲ್ಲ. ಫೋನಿನ ಗಡಿಯಾರ ನೆಚ್ಚಿಕೊಳ್ಳಬೇಡಿ, ಹಡಗಿನ ಸಮಯ ಯಾವುದು ಅಂತ ಇಳಿಯುವ ಮುಂಚೆ ಕೇಳಿಕೊಳ್ಳಿ.

ಇನ್ನೊಂದು. ಅಲೆ ಜಾಸ್ತಿ ಇದ್ದರೆ ಕ್ಯಾಪ್ಟನ್ ಟೆಂಡರ್ ಇಳಿಸುವುದೇ ಇಲ್ಲ, ಆ ನಿಲ್ದಾಣ ಕ್ಯಾನ್ಸಲ್. ಅವಲಾನ್ ಮುಖ ಮಾಡಿರುವುದು ಈಶಾನ್ಯಕ್ಕೆ. ಸಾಂಟಾ ಆನಾ ಗಾಳಿ ಬೀಸುವುದೂ ಆ ಕಡೆಯಿಂದಲೇ, ಮರುಭೂಮಿಯಿಂದ. ಅದು ಹೆಚ್ಚಾಗಿ ಅಕ್ಟೋಬರ್‌ನಿಂದ ಮಾರ್ಚ್ ತನಕ, ಮೇನಲ್ಲಿ ಭಯ ಕಡಿಮೆ. ಆದರೂ ಮುಂಗಡ ದುಡ್ಡು ಕಟ್ಟಿ ಸೂಟ್ ಬುಕ್ ಮಾಡುವ ಮುಂಚೆ, ಹಡಗು ನಿಲ್ಲದಿದ್ದರೆ ವಾಪಸ್ ಕೊಡುತ್ತೀರಾ ಅಂತ ಬರವಣಿಗೆಯಲ್ಲಿ ಕೇಳಿ.

ಎನ್ಸೆನಾಡಾ ಯಾಕೆ ಹೋಗುತ್ತಾರೆ ಗೊತ್ತಾ? 1886ರ ಅಮೆರಿಕದ ಕಾನೂನು ಒಂದಿದೆ. ಬೇರೆ ದೇಶದ ಬಾವುಟದ ಹಡಗು ಅಮೆರಿಕದಲ್ಲಿ ಹೊರಟು ಅಲ್ಲಿಗೇ ವಾಪಸಾಗಬೇಕಾದರೆ ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಹಾಗಾಗಿ ಹವಾಮಾನ ಕೆಟ್ಟರೆ ಬಿಟ್ಟುಬಿಡುವುದು ಕ್ಯಾಟಲಿನಾವನ್ನೇ. ನೀವು ಅಮೆರಿಕದ ವೀಸಾ ಮೇಲೆ ಹೋಗುವುದರಿಂದ ಅದು ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿಕೊಳ್ಳಿ, ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದರೆ ಮೆಕ್ಸಿಕೋದವರು ಬೇರೆ ವೀಸಾ ಕೇಳುವುದಿಲ್ಲ.

ಕಂಪ್ಲಿ ಅಕ್ಕ:
ಗಂಡಸರ ಮಾತೇ ಆಯ್ತು. ನಾನು ಆಸ್ಟ್ರೇಲಿಯಾದಲ್ಲಿ ಮಗನ ಜೊತೆ ವೆಟ್‌ಸೂಟ್ ಹಾಕಿದ್ದೇನೆ, ಹೆಂಗಸರಿಗೆ ಒಂದೆರಡು ಮಾತು ಹೇಳುತ್ತೇನೆ. ಕುತ್ತಿಗೆಯಿಂದ ಕಣಕಾಲಿನವರೆಗೆ ಮುಚ್ಚಿರುತ್ತದೆ, ಸಂಕೋಚಕ್ಕೆ ಕಾರಣವೇ ಇಲ್ಲ. ಹಾಕಿಕೊಳ್ಳುವುದು ಮಾತ್ರ ಯುದ್ಧ. ಕಾಲಿಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸೂಟ್‌ಗೆ ತೂರಿಸಿ, ಸಲೀಸಾಗಿ ಜಾರುತ್ತದೆ. ಉಗುರಿನಿಂದ ಎಳೆಯಬೇಡಿ, ಹರಿದರೆ ದಂಡ. ಅವತ್ತು ತಲೆಗೆ ಎಣ್ಣೆ ಹಚ್ಚಬೇಡಿ, ಮಾಸ್ಕ್ ಪಟ್ಟಿ ನಿಲ್ಲಲ್ಲ. ಮಾಸ್ಕ್ ಅಂಚಿನೊಳಗೆ ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಸರುತ್ತದೆ. ಮಾಂಗಲ್ಯ, ಓಲೆ ಹಡಗಿನ ಲಾಕರ್‌ನಲ್ಲಿ ಇಡಿ.

ಈಜು ಬಾರದವರಿಗೆ ಸ್ನಾರ್ಕಲ್ ಬೇಡವೇ ಬೇಡ, ಲೈಫ್ ಜಾಕೆಟ್ ಇದ್ದರೂ. ಅವಲಾನ್‌ನಲ್ಲಿ ಗಾಜಿನ ತಳದ ದೋಣಿ ಇದೆಯಂತಲ್ಲ, ಅದು ಸಾಲದಾ?

ರಾಯಚೂರು ಟು ಅರ್ವೈನ್:
ಇದೆ ಅಕ್ಕ, ಅದು ಹೋಗುವುದು ಲವರ್ಸ್ ಕೋವ್‌ಗೇ. ಅದೇ ಮೀನು ಒಣ ಬಟ್ಟೆಯಲ್ಲಿ ನೋಡಬಹುದು.

ಮತ್ತೆ ಒಂದು ವಿಷಯ, ಬಳ್ಳಾರಿ ಅಣ್ಣನಿಗೆ. ಮೀಸೆ ಇದೆಯಾ? ಇದ್ದರೆ ಮಾಸ್ಕ್ ಅಂಟುವುದಿಲ್ಲ, ಮೂಗಿನ ಕೆಳಗೆ ನೀರು ಬರುತ್ತಲೇ ಇರುತ್ತದೆ. ಪೂರ್ತಿ ತೆಗೆಯಬೇಕಿಲ್ಲ, ಮೂಗಿನ ಅಡಿಯಲ್ಲೇ ಒಂದು ಸಣ್ಣ ಗೆರೆ ಬೋಳಿಸಿದರೆ ಸಾಕು.

ಬಳ್ಳಾರಿ ಬಿಸಿಲು:
ಇದೆ, ದಪ್ಪಗೇ ಇದೆ. ಹೆಂಡತಿಗೆ ಈ ಸಾಲು ತೋರಿಸಿದೆ, ಇನ್ನೂ ನಗುತ್ತಿದ್ದಾಳೆ. ದೂರದ್ದು ಕಾಣಲು ಕನ್ನಡಕ ಬೇರೆ ಬೇಕು. ಮಾಸ್ಕ್ ಒಳಗೆ ಅದು ಹಿಡಿಯುತ್ತದಾ?

ರಾಯಚೂರು ಟು ಅರ್ವೈನ್:
ಹಿಡಿಯಲ್ಲ, ಕನ್ನಡಕದ ಕಡ್ಡಿ ಅಂಚಿನ ಕೆಳಗೆ ಸಿಕ್ಕಿ ನೀರು ಬಿಡುತ್ತದೆ. ಪವರ್ ಇರುವ ಮಾಸ್ಕ್ ಸಿಗುತ್ತದೆ, ಬಾಡಿಗೆಯವರಲ್ಲಿ ಇದೆಯಾ ಮೊದಲೇ ಕೇಳಿ. ಸಣ್ಣ ಪವರ್ ಆದರೆ ಹಾಗೇ ನೋಡಿ, ನೀರಲ್ಲಿ ಎಲ್ಲ ಸ್ವಲ್ಪ ದೊಡ್ಡದಾಗಿ, ಹತ್ತಿರದಲ್ಲಿ ಇರುವಂತೆ ಕಾಣುತ್ತದೆ.

ಇನ್ನು ಒಳಗೆ ಏನಿದೆ ಅಂತ ಯಾರೂ ಕೇಳಲೇ ಇಲ್ಲ! ನೇತ್ರಾಣಿಯ ಹವಳ ಇಲ್ಲಿಲ್ಲ. ಇಲ್ಲಿರುವುದು ಕೆಲ್ಪ್, ದೈತ್ಯ ಕಡಲಕಳೆ. ಒಳ್ಳೆ ಕಾಲದಲ್ಲಿ ದಿನಕ್ಕೆ 60 ಸೆಂಟಿಮೀಟರ್ ತನಕ ಬೆಳೆಯುತ್ತದೆ. ತಳದ ಬಂಡೆ ಹಿಡಿದುಕೊಂಡು, ಎಲೆ ಬುಡದಲ್ಲಿರುವ ಗಾಳಿಬುರುಡೆಗಳ ಬಲದಿಂದ ನೆಟ್ಟಗೆ ಮೇಲಕ್ಕೆ ನಿಂತಿರುತ್ತದೆ. ಬೆಳಕು ಅದರ ನಡುವಿನಿಂದ ಇಳಿದು ಬರುವುದನ್ನು ನೋಡಲೆಂದೇ ನಾನು ಮತ್ತೆ ಮತ್ತೆ ಹೋಗುವುದು. ಈ ಕಾಡು ಬೆಳೆಯುವುದೇ ತಣ್ಣೀರಿನಲ್ಲಿ, ನೀರು ಬಿಸಿಯಾದ ವರ್ಷ ಸೊರಗಿಹೋಗುತ್ತದೆ. ಅಂದರೆ ನಿಮ್ಮನ್ನು ನಡುಗಿಸುವ ಚಳಿ ಇಲ್ಲದಿದ್ದರೆ ನೋಡಲು ಏನೂ ಇರುತ್ತಿರಲಿಲ್ಲ.

ಕಾಲಿಗೆ ಸುತ್ತಿಕೊಂಡರೆ ಗಿರಕಿ ಹೊಡೆಯಬೇಡಿ, ಇನ್ನೂ ಸುತ್ತಿಕೊಳ್ಳುತ್ತದೆ. ನಿಂತು, ದಂಟು ಹಿಡಿದು ಮಡಚಿ. ಎಳೆ ಬೆಂಡೆಕಾಯಿ ಮುರಿದ ಹಾಗೆ ಪಟ್ ಅಂತ ಮುರಿಯುತ್ತದೆ. ಎಳೆದರೆ ಮಾತ್ರ ಬರಲ್ಲ. ಮೇಲೆ ಹಾಸಿಕೊಂಡಿರುವ ಕಡೆ ಹೋಗಲೇಬೇಡಿ, ಅಂಚಿನಲ್ಲೇ ತೇಲಿ.

ಮೀನುಗಳಲ್ಲಿ ಗ್ಯಾರಿಬಾಲ್ಡಿ ತಪ್ಪಿಸಿಕೊಳ್ಳಲು ಆಗಲ್ಲ, ಕಡು ಕಿತ್ತಳೆ ಬಣ್ಣ, ದೂರದಿಂದಲೇ ಹೊಳೆಯುತ್ತದೆ. 1995ರಿಂದ ಅದು ಕ್ಯಾಲಿಫೋರ್ನಿಯಾದ ರಾಜ್ಯ ಸಮುದ್ರ ಮೀನು, ಹಿಡಿಯುವಂತಿಲ್ಲ. ಮೇ ಅಂದರೆ ಗೂಡಿನ ಕಾಲ. ಗಂಡು ಮೀನು ಬಂಡೆ ಮೇಲೆ ಪಾಚಿ ಗೂಡು ಅಚ್ಚುಕಟ್ಟು ಮಾಡಿ ಮೊಟ್ಟೆ ಕಾಯುತ್ತಿರುತ್ತದೆ, ಹತ್ತಿರ ಹೋದರೆ ನಿಮ್ಮನ್ನೂ ಅಟ್ಟಿಸಿಕೊಂಡು ಬರುತ್ತದೆ. ಮರಿಗಳ ಮೈಮೇಲೆ ಹೊಳೆಯುವ ನೀಲಿ ಚುಕ್ಕಿ. ಶೀಪ್‌ಹೆಡ್, ಕೆಲ್ಪ್ ಬಾಸ್, ಅದೃಷ್ಟ ಇದ್ದರೆ ಬ್ಯಾಟ್ ರೇ, ಮಚ್ಚೆಯಿರುವ ಲೆಪರ್ಡ್ ಶಾರ್ಕ್. ಅದು ಜನರ ತಂಟೆಗೆ ಬರಲ್ಲ. ಕಡಲಸಿಂಹ ಬಂದರೆ ದೂರ ಸರಿಯಿರಿ, ಮುಟ್ಟುವುದು 1972ರ ಕಾನೂನಿನ ಪ್ರಕಾರ ಅಪರಾಧ. ಬಂಡೆ ಮೇಲೆ ಕೈ ಕಾಲು ಊರಬೇಡಿ, ಮುಳ್ಳಿನ ಕಡಲ ಅರ್ಚಿನ್‌ಗಳು ತುಂಬಿರುತ್ತವೆ.

ಸಿಂಧನೂರು ಸೋನಾ:
ಈಗ ನನಗೇ ಹೋಗಬೇಕು ಅನಿಸುತ್ತಿದೆ. ಭತ್ತ ಮಾರಿದ ದುಡ್ಡು ಬರಲಿ.

ಸಾಣಾಪುರ ತೆಪ್ಪ:
ಒಬ್ಬರೇ ಇಳಿಯುತ್ತೀರಾ, ಜೊತೆಗೆ ಯಾರಾದರೂ ಇದ್ದಾರಾ? ಅದನ್ನೇ ಹೇಳಿಲ್ಲ ನೀವು.

ಬಳ್ಳಾರಿ ಬಿಸಿಲು:
ಅಳಿಯ ಇಳಿಯುತ್ತಾನೆ, ಆದರೆ ಅವನಿಗೆ ಈಜು ಅಷ್ಟಕ್ಕಷ್ಟೇ.

ಸಾಣಾಪುರ ತೆಪ್ಪ:
ಹಾಗಾದರೆ ಅದು ಜೊತೆ ಅಲ್ಲ, ನೀವು ನೋಡಿಕೊಳ್ಳಬೇಕಾದ ಇನ್ನೊಂದು ಜೀವ. ನನ್ನ ಮಾತು ಒರಟು ಅನಿಸಬಹುದು. ಟೂರ್ ದುಡ್ಡು ಉಳಿಸಿ, ಪರವಾಗಿಲ್ಲ, ಆದರೆ ಆ ದುಡ್ಡಿನಲ್ಲಿ ಅರ್ಧ ಅಲ್ಲೇ ಒಬ್ಬ ಗೈಡ್‌ಗೆ ಕೊಡಿ.

ರಾಯಚೂರು ಟು ಅರ್ವೈನ್:
ತೆಪ್ಪ ಅವರ ಮಾತಿಗೆ ನನ್ನ ಪೂರ್ತಿ ಓಟು. ಅವಲಾನ್‌ನಲ್ಲಿ ಸ್ನಾರ್ಕಲ್‌ಗೆ ಕರೆದುಕೊಂಡು ಹೋಗುವ ಸ್ಥಳೀಯರು ಸಿಗುತ್ತಾರೆ. ಹಡಗಿನ ಗುಂಪಿನಲ್ಲಿ ಇಪ್ಪತ್ತು ಜನರ ಹಿಂದೆ ಹೋಗುವುದು ಬೇರೆ, ನಿಮಗಿಬ್ಬರಿಗೇ ಒಬ್ಬ ಇರುವುದು ಬೇರೆ.

ಡಾಕ್ಟ್ರಮ್ಮ, ರಾಯಚೂರು:
ಹೊರಗೆ ಬರುವ ಹೊತ್ತು ತಿಳಿಯಲು ಒಂದು ಪರೀಕ್ಷೆ: ಹೆಬ್ಬೆರಳು ಕಿರುಬೆರಳಿಗೆ ತಾಗಿಸಿ ನೋಡಿ. ಆಗದಿದ್ದರೆ ತಕ್ಷಣ ಹೊರಗೆ. ಬಂದ ಮೇಲೂ ಸ್ವಲ್ಪ ಹೊತ್ತು ಮೈಯೊಳಗಿನ ಶಾಖ ಇಳಿಯುತ್ತಲೇ ಇರುತ್ತದೆ, ಅದಕ್ಕೇ ನಡುಕ ಆಮೇಲೆ ಜಾಸ್ತಿ. ಮೊದಲು ಒರೆಸಿಕೊಳ್ಳಿ, ಟೋಪಿ, ಒಣ ಬಟ್ಟೆ, ಬಿಸಿ ಚಹಾ. ಮದ್ಯ ಬೇಡ, ಅದು ಶಾಖ ಕಳೆಯುತ್ತದೆ.

ಬಳ್ಳಾರಿ ಬಿಸಿಲು:
ಹೋಗಿ ಬಂದೆವು. ಜೂನ್ ಮೊದಲ ವಾರ ಊರು ಸೇರಿದ್ದೇವೆ, ಇಲ್ಲಿ ಇನ್ನೂ ಸೆಖೆ. ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಇಸಿಜಿ ಸರಿ ಇತ್ತು, ಡಾಕ್ಟರ್ "ದಪ್ಪ ಸೂಟ್, ಕಡಿಮೆ ಹೊತ್ತು" ಅಂದರು. ಐಸ್ ತಂದು ಟಬ್ಬಿನಲ್ಲಿ ಮುಖ ಇಟ್ಟು ನೋಡಿದ್ದು ನಿಜಕ್ಕೂ ಉಪಯೋಗಕ್ಕೆ ಬಂತು. ಆ ಉಸಿರು ಎಳೆದುಕೊಳ್ಳುವುದು ಏನು ಅಂತ ಮೊದಲೇ ಗೊತ್ತಿದ್ದರಿಂದ ಅಲ್ಲಿ ಗಾಬರಿ ಆಗಲಿಲ್ಲ. ಪಕ್ಕದ ಮನೆಯವರು ಮಾತ್ರ ಐಸ್‌ಕ್ರೀಮ್ ವ್ಯಾಪಾರ ಶುರು ಮಾಡಿದ್ದೀರಾ ಅಂತ ಕೇಳಿದರು.

ಬೆಳಿಗ್ಗೆ ಮೋಡ, ಗಾಳಿ ಇರಲಿಲ್ಲ. ಟೆಂಡರ್ ಸಿಗುವ ಹೊತ್ತಿಗೆ ಹತ್ತು ದಾಟಿತ್ತು. ಹೆಂಡತಿ, ಮಗಳು ಗಾಜಿನ ದೋಣಿಗೆ ಹೋದರು. ನಾವಿಬ್ಬರು ಗೈಡ್ ಜೊತೆ ಕ್ಯಾಸಿನೋ ಪಾಯಿಂಟ್‌ಗೆ. 7 ಮಿಲಿಮೀಟರ್ ಸೂಟ್ ಹಾಕಿ ಮುಗಿಸುವಷ್ಟರಲ್ಲಿ ಬೆವರು ಹರಿಯಿತು, ಕಂಪ್ಲಿ ಅಕ್ಕನ ಪ್ಲಾಸ್ಟಿಕ್ ಚೀಲದ ಉಪಾಯ ನೋಡಿ ಗೈಡೇ ಮೆಚ್ಚಿಕೊಂಡ. ಮೆಟ್ಟಿಲಿಳಿದು ಕಂಬಿ ಹಿಡಿದು ನಿಂತಾಗ ಬೆನ್ನಿನ ಜಿಪ್‌ನಿಂದ ನೀರು ಒಳಗೆ ಇಳಿಯಿತು ನೋಡಿ, ಅದನ್ನು ಹೇಗೆ ಬರೆಯುವುದೋ ಗೊತ್ತಿಲ್ಲ. ಬಾಯಿಂದ ಬಂದದ್ದು ಬಳ್ಳಾರಿ ಬೈಗುಳ. ಸ್ವಲ್ಪ ಹೊತ್ತಿಗೆ ಇಳಿಯಿತು. ಕೈ, ತುಟಿ ಮಾತ್ರ ಕೊನೆತನಕ ಮರಗಟ್ಟಿದ ಹಾಗೇ ಇತ್ತು.

ಒಳಗೆ ನೋಡಿದ್ದನ್ನು ಅರ್ವೈನ್ ಅವರು ಆಗಲೇ ಬರೆದಿದ್ದಾರೆ. ಮೋಡ ಸರಿದು ಬಿಸಿಲು ಬಿದ್ದಾಗ ಕೆಲ್ಪ್ ಇಡೀ ಚಿನ್ನದ ಬಣ್ಣಕ್ಕೆ ತಿರುಗಿತು. ಗ್ಯಾರಿಬಾಲ್ಡಿ ಅಳಿಯನ ಮಾಸ್ಕ್‌ವರೆಗೆ ಬಂದು ಗುರಾಯಿಸಿತು, ಅವನು ಹಿಂದಕ್ಕೆ ಈಜಿದ ವೇಗ ನೋಡಬೇಕಿತ್ತು. ಕಿರುಬೆರಳು ತಾಗಿಸುವುದು ಕಷ್ಟ ಅನಿಸಿದ ಕೂಡಲೇ ಮೇಲೆ ಬಂದೆ. ಇನ್ನೂ ಇರಬಹುದಿತ್ತು ಅಂತ ಗೈಡ್ ಅಂದ, ನಾನು ಬೇಡ ಅಂದೆ. ಆಮೇಲಿನ ನಡುಕ ಡಾಕ್ಟ್ರಮ್ಮ ಹೇಳಿದಂತೆಯೇ ಬಂತು, ಚಹಾ ಕಪ್ಪು ಎರಡು ಕೈಯಲ್ಲಿ ಹಿಡಿದರೂ ಚೆಲ್ಲುತ್ತಿತ್ತು.

ಗೈಡ್, ಸೂಟ್ ಎಲ್ಲ ಸೇರಿ ಖರ್ಚು ಹಡಗಿನ ಟೂರಿನ ಹತ್ತಿರ ಹತ್ತಿರ ಬಂತು. ಉಳಿತಾಯ ಅಂತ ಹೇಳಿಕೊಳ್ಳುವಂಥದ್ದಿಲ್ಲ. ಆದರೆ ನಮ್ಮ ಹೊತ್ತಿಗೆ ಇಳಿದು ನಮ್ಮ ಹೊತ್ತಿಗೆ ಹತ್ತಿದೆವು. ದುಡ್ಡು ಉಳಿಸಲು ಮಾತ್ರ ಸ್ವಂತವಾಗಿ ಹೋಗುವವರು ಎರಡು ಸಲ ಲೆಕ್ಕ ಹಾಕಿ.

ಕಂಪ್ಲಿ ಅಕ್ಕ:
ನಿಮ್ಮ ಮನೆಯವರಿಗೆ ದೋಣಿ ಹಿಡಿಸಿತಾ?

ಬಳ್ಳಾರಿ ಬಿಸಿಲು:
ನನಗಿಂತ ಜಾಸ್ತಿ ಮೀನು ನೋಡಿದ್ದಾಳೆ ಅಕ್ಕ. ದಿನಾ ಹೇಳುತ್ತಾಳೆ.

ಹೊಸಬ, ಕೊಪ್ಪಳ:
ಇಡೀ ಚರ್ಚೆ ಓದಿದೆ. ನಾವು ಡಿಸೆಂಬರ್ ಕೊನೆಯಲ್ಲಿ ಅದೇ ಮಾರ್ಗದ ಕ್ರೂಸ್ ತಗೊಂಡಿದ್ದೇವೆ. ಆಗ ಇಳಿಯಬಹುದಾ?

ರಾಯಚೂರು ಟು ಅರ್ವೈನ್:
ಇಳಿಯಬಹುದು. ನೀರು ಮೇ ತಿಂಗಳಿನಷ್ಟೇ, 15-16. ಚಳಿಗಾಲದಲ್ಲಿ ನೀರು ಹೆಚ್ಚು ತಿಳಿಯಾಗಿರುತ್ತದೆ, ಅದೊಂದು ಲಾಭ. ತೊಂದರೆ ಎರಡು. ಸಾಂಟಾ ಆನಾ ಗಾಳಿಯ ಕಾಲ, ಹಡಗು ನಿಲ್ಲದೇ ಇರಬಹುದು. ಸಂಜೆ ಐದಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಅದಕ್ಕೂ ಮೊದಲೇ ಊರಿನ ಹಿಂದಿನ ಗುಡ್ಡದ ನೆರಳು ಬೀಳುತ್ತದೆ. ಮಧ್ಯಾಹ್ನ ಎರಡರೊಳಗೆ ನೀರಿನಿಂದ ಹೊರಗೆ ಇರುವ ಹಾಗೆ ನೋಡಿಕೊಳ್ಳಿ. ಬೆಳಿಗ್ಗೆ ಟೆಂಡರ್ ತಡವಾಗಿ ಅಷ್ಟರೊಳಗೆ ಆಗಲ್ಲ ಅನಿಸಿದರೆ ನೀರು ಬಿಟ್ಟು ಗಾಲ್ಫ್ ಕಾರ್ಟ್ ತಗೊಂಡು ಗುಡ್ಡ ಹತ್ತಿ.

ಹೊಸಬ, ಕೊಪ್ಪಳ:
ಸರಿ ಸರ್. ಗಾಲ್ಫ್ ಕಾರ್ಟ್‌ಗೆ ನಮ್ಮ ಇಂಡಿಯನ್ ಲೈಸೆನ್ಸ್ ನಡೆಯುತ್ತಾ ಅಂತ ಬಾಡಿಗೆಯವರಿಗೆ ಇವತ್ತೇ ಮೇಲ್ ಹಾಕುತ್ತೇನೆ.